ಮಡಿ

ಓರಿಯಲ್ ಗಿಟೆನ್ಸ್, ಮೂವತ್ತೊಂದು ವರ್ಷ ವಾರ್ಡಿನ ಸಿಸ್ಟರು,
ನಿವೃತ್ತಿಯಾದರೂ ಬೆರಳಲ್ಲಿ ಬ್ಲೀಚಿನ ವಾಸನೆ.
ಬಾರ್ಬಡೋಸಿನ ಮೂಡಣಂಚು; ಉಪ್ಪುಗಾಳಿ
ಗೇಟಿನ ಕೀಲನ್ನು ನೆಕ್ಕಿ ನೆಕ್ಕಿ ತೆಳ್ಳಗಾಗಿಸುವ ಊರು.
ಹಿತ್ತಿಲಲ್ಲಿ ನೀಲಿ ಪೀಪಾಯಿ ಎರಡು, ಸಿಮೆಂಟು ತೊಟ್ಟಿ ಒಂದು,
ತೊಟ್ಟಿಯಲ್ಲಿ ನಲವತ್ತು ತಿಲಾಪಿಯಾ,
ಮೇಲೆ, ಜಲ್ಲಿ ತುಂಬಿದ ಮಡಿ:
ಪಾಕ್‌ಚಾಯ್, ಎಳೆ ಈರುಳ್ಳಿ, ಥೈಮಿನದೊಂದು ಪೊದೆ.

ಮೀನು ಉಂಡು ಬಿಟ್ಟದ್ದು ಮೊದಲ ಪೀಪಾಯಿಗೆ,
ಅಲ್ಲಿ ಸುತ್ತಿ ಸುತ್ತಿ ಸುಸ್ತಾಗಿ ಗಷ್ಟು ತಳಕ್ಕೆ.
ಎರಡನೆಯದರಲ್ಲಿ ಹರಿದ ಮೀನುಬಲೆಗಳ ಉಂಡೆ,
ಬಲೆಗೆ ಕಂದು ಲೋಳೆ,
ಲೋಳೆಯೊಳಗೆ ಕಣ್ಣಿಗೆ ಬೀಳದ ಕೂಲಿಯವರು.
ಒಂದು ಪಾಳಿ ಅಮೋನಿಯಾವನ್ನು ನೈಟ್ರೈಟು ಮಾಡಿ ಕೈಬಿಟ್ಟರೆ
ಇನ್ನೊಂದು ಪಾಳಿ ಅದನ್ನೆತ್ತಿ, ಹದ ಮಾಡಿ,
ಬೇರಿನ ಬಾಯಿಗೆ ಇಡುತ್ತದೆ.
ಎಲ್ಲವನ್ನೂ ಅವಳು ಚಾರ್ಟಿನಲ್ಲಿ ಬರೆಯುವಳು,
ಬೆಳಗು ಆರು, ಸಂಜೆ ಆರು, ಪಿಎಚ್ಚು, ಉಷ್ಣತೆ.
ನಂಬಿದ್ದು ಮಾತ್ರ ಬ್ಲೀಚನ್ನು.

ಆ ಏಪ್ರಿಲಿನಲ್ಲಿ ಪಡುವಣ ನೆರೆದ್ವೀಪದ ಬೆಟ್ಟ ಬಾಯಿ ಬಿಟ್ಟಿತು.
ಹಾಡುಹಗಲೇ ದೀಪ ಹಚ್ಚಬೇಕಾಯಿತು.
ತಗಡಿನ ಮೇಲೆ ಸದ್ದಿಲ್ಲದೆ ಬೂದಿ,
ನಾಯಿಯ ಬೆನ್ನಿಗೆ, ಕ್ರೋಟನ್ ಎಲೆಗೆ, ಹಲ್ಲಿನ ಸಂದಿಗೆ.
ತೊಟ್ಟಿಗೆ ಆಸ್ಪತ್ರೆಯದೇ ಹಳೆ ಬೆಡ್‌ಶೀಟು ಹೊದಿಸಿ
ಎರಡು ರಾತ್ರಿ ಕಾವಲು ಕೂತಳು.
ಮೂರನೆಯ ದಿನ
ಗೊತ್ತಿದ್ದ ಕೆಲಸ ಮಾಡಿದಳು. ತೊಳೆದಳು.

ಜಲ್ಲಿ ತೊಳೆದಳು, ಪೀಪಾಯಿ ತೊಳೆದಳು,
ಬಲೆಯ ಉಂಡೆಯನ್ನು ಬಿಳುಚುವ ತನಕ ಉಜ್ಜಿದಳು,
ನಲ್ಲಿ ನೀರಲ್ಲಿ ಮೂರು ಸಲ ಜಾಲಿಸಿ ಮೂಸಿ ನೋಡಿದಳು.
ಇಷ್ಟು ಮಡಿಯಾದ ಮಡಿ
ಯಾವ ತಪಾಸಣೆಗೂ ಸಿದ್ಧವಿತ್ತು.

ಮರುವಾರ ಮೀನೆಲ್ಲ ನೀರ ಮೇಲಕ್ಕೆ ಬಂದವು.
ನಲವತ್ತು ಬಾಯಿ. ಅವಳಿಗೆ ಆ ಬಾಯಿ ಗೊತ್ತು,
ಆಕ್ಸಿಜನ್ ಸಿಲಿಂಡರಿನ ಪಕ್ಕ ನಿಂತು ನೋಡಿದ್ದಾಳೆ.
ಗಾಜುಕೊಳವೆಯಲ್ಲಿ ಹನಿ ಬಿಟ್ಟರೆ ಹಸಿರು, ಕಡುಹಸಿರು.
ಸುಣ್ಣಗಲ್ಲಿನ ನಾಡು, ನಲ್ಲಿಯ ನೀರೂ ಸುಣ್ಣದ್ದೇ;
ಪಿಎಚ್ಚು ಎಂಟು ದಾಟಿತೋ
ಅಮೋನಿಯಾಕ್ಕೆ ಹಲ್ಲು ಮೂಡುತ್ತದೆ.
ಬೆಳಗಾಗುವಷ್ಟರಲ್ಲಿ ಏಳು ಮಡಿದವು.

ಬಂದವನು ಡಾರ್ನ್‌ಲಿ ಇಯರ್‌ವುಡ್, ಬೇಲಿಯಾಚೆಯವನು.
ಬ್ರೆಡ್‌ಫ್ರೂಟಿನ ಎಲೆಗಾಗಿ ಜಗಳವಾಡಿ
ಎರಡು ವರ್ಷ ಮಾತು ಬಿಟ್ಟವನು.
ಅವನ ಫಿಲ್ಟರಿಗೆ ಅವಳಿಟ್ಟ ಹೆಸರು ‘ಚರಂಡಿ.’
ಕೈಯಲ್ಲಿ ಬಕೆಟ್ಟು, ಮೇಲೆ ಒದ್ದೆ ಗೋಣಿ,
ಒಳಗೆ ಜೋಲಾಡುವ ಕಂದು ಬಲೆ.
‘ಹನ್ನೊಂದು ವರ್ಷದ್ದು,’ ಅಂದ. ‘ದಮ್ಮಯ್ಯ, ತೊಳೀಬೇಡ.’

ಹಾಲು ಕಾಸಿಟ್ಟು, ಲೋಟ ಹಿಡಿದು
ಪಕ್ಕದ ಮನೆಗೆ ಹೆಪ್ಪಿಗೆಂದು ಹೋದವರಿಗೆ ತಿಳಿದೀತು:
ಒಂದು ಚಮಚೆ ಸಾಕು, ಆದರೆ ಅದು ಜೀವಂತವಿರಬೇಕು,
ಮತ್ತು ಇನ್ನೊಬ್ಬರದಾಗಿರಬೇಕು.

ಕೈಗವಸಿಲ್ಲದೆ ಇಳಿಬಿಟ್ಟಳು.
ಮೊಳಕೈ ತನಕ ಲೋಳೆ.
ಆಮೇಲೆ ಆಹಾರ ನಿಲ್ಲಿಸಿದಳು,
ಮುಚ್ಚಿಟ್ಟ ಮಳೆನೀರನ್ನು ದಿನಕ್ಕೆ ಹತ್ತು ಬಕೆಟ್ಟು ಬೆರೆಸಿದಳು,
ನೈಟ್ರೈಟು ಏರಿದಾಗ ಲೆಕ್ಕ ಹಾಕಿ ಉಪ್ಪು ಕೊಟ್ಟಳು,
ಸಲೈನು ಏರಿಸಿದ ಕೈಗೆ ಅದು ಕಷ್ಟವಲ್ಲ.
ಇನ್ನೂ ನಾಲ್ಕು ಹೋದವು. ಥೈಮಿನ ಬುಡಕ್ಕಲ್ಲ,
ಬೇಲಿಯ ಬುಡಕ್ಕೆ ಹೂತಳು, ಯಾಕೋ.

ಇಲ್ಲಿಯ ಮಳೆ ಹವಳಗಲ್ಲಿನೊಳಕ್ಕೆ ಇಳಿಯುತ್ತದೆ,
ಸತ್ತ ಹವಳದ ಕೋಟಿ ಕೋಣೆ ದಾಟಿ
ಕತ್ತಲಲ್ಲಿ ನಿಧಾನ ಸೋಸಿಕೊಂಡು ಬಾವಿಗೆ ಬರುತ್ತದೆ.
ಈ ಅರವತ್ತೆರಡು ವರ್ಷ ಅದನ್ನೇ ಕುಡಿದಿದ್ದಾಳೆ.
ಯಾರು ಉಜ್ಜಿದರು ಆ ಕಲ್ಲನ್ನು?

ಹತ್ತೊಂಬತ್ತನೆಯ ದಿನ ಕೊಳವೆಯಲ್ಲಿ ಹಸಿರು ತೊಲಗಿ ಹಳದಿ.
ಚಾರ್ಟಿನಲ್ಲಿ ಸ್ಕೇಲಿಟ್ಟು ಹೊಸ ಗೆರೆ ಎಳೆದಳು,
ಮೇಲೆ ಬರೆದಳು: ಲೋಳೆ.
ಕೆಳಗೆ: ಉಂಟು.
ಕೈ ತೊಳೆಯಲು ಎದ್ದವಳು
ಪೀಪಾಯಿಯ ಮುಚ್ಚಳ ಸರಿಸಿ
ಇನ್ನೊಮ್ಮೆ ಇಣುಕಿದಳು.